ಕಡ್ಡಿ ತುದಿಯ ಕಡುವ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು ಕಡೆಯ ಅಡಿಕೆ ತೋಟಗಳಲ್ಲಿ ಹೆಚ್ಚಿನ ಕಡೆ ಒಂದು ಕೆರೆ ಇರುತ್ತದೆ. ಬಯಲುಸೀಮೆಯ ಥರ ಊರಿಗೇ ದೊಡ್ಡದಾದ ಕೆರೆ ಅಲ್ಲ. ಮುರಕಲ್ಲು, ಅಂದರೆ ಕೆಂಪುಕಲ್ಲು ಕಡಿದು ಮಾಡಿದ ಚೌಕದ ಹೊಂಡ. ಇಳಿಯಲು ಮೆಟ್ಟಿಲು, ಬದಿಯಲ್ಲಿ ಪಂಪಿನ ಶೆಡ್ಡು, ಅಂಚಿನಲ್ಲಿ ಒಂದಿಷ್ಟು ಕೆಸು. ಅಂಥ ಕೆರೆಯ ನೀರಿಗೆ ಬಾಗಿದ ಒಣಕಡ್ಡಿ ಕಂಡರೆ ಅದರ ತುದಿಯನ್ನು ಸ್ವಲ್ಪ ಹೊತ್ತು ನೋಡಿ. ಬಿಸಿಲು ಏರಿದ ಮೇಲೆ ಅಲ್ಲೊಂದು ದೊಡ್ಡ ಏರೋಪ್ಲೇನ್ ಚಿಟ್ಟೆ ಬಂದು ಕೂರುತ್ತದೆ. ಕಪ್ಪು ಮೈ, ಅದರ ಮೇಲೆ ಹಳದಿ ಪಟ್ಟೆ. ನಮ್ಮ ಮಲಯಾಳಿ ನೆರೆಯವರು ಇದನ್ನು ನಾಟ್ಟುಕಡುವ ಎನ್ನುತ್ತಾರೆ. ಊರ ಹುಲಿ. ನಮ್ಮ ಮನೆಯಲ್ಲೂ ಈಗ ಕಡುವ ಎಂದೇ ರೂಢಿಯಾಗಿದೆ. ಏರೋಪ್ಲೇನ್ ಚಿಟ್ಟೆಗಳಿಗೆಲ್ಲ ಪುಸ್ತಕದ ಕನ್ನಡದಲ್ಲಿ ಕೊಡತಿ ಕೀಟ ಎಂದು ಹೆಸರು. ಕಡುವನ ವಿಜ್ಞಾನದ ಹೆಸರು ಇಕ್ಟಿನೋಗೋಂಫಸ್ ರಾಪಾಕ್ಸ್. ಫ್ರಾನ್ಸಿನ ಕೀಟತಜ್ಞ ರಾಂಬೂರ್ 1842ರಲ್ಲಿ ಇದನ್ನು ಮೊದಲು ವಿವರಿಸಿದ.

ಇದು ಅಪರೂಪದ ಜೀವಿಯೇನಲ್ಲ. ಭಾರತದ ಹೆಚ್ಚಿನ ಕಡೆ ಇದೆ, ಶ್ರೀಲಂಕಾದಲ್ಲಿದೆ, ಮ್ಯಾನ್ಮಾರ್ ಕಡೆಗೂ ಇದೆ. ಅಳಿವಿನ ಪಟ್ಟಿಯಲ್ಲಿ ಹುಡುಕಿದರೆ ಸದ್ಯಕ್ಕೆ ಚಿಂತೆ ಬೇಡ ಎಂಬ ಗುಂಪಿನಲ್ಲಿ ಸಿಗುತ್ತದೆ. ಕೇರಳದಲ್ಲಿ ಇಂಥ ಏರೋಪ್ಲೇನ್ ಚಿಟ್ಟೆಗಳು ಮತ್ತು ಅವುಗಳ ಸಪೂರ ಮೈಯ ಸೂಜಿ ನೆಂಟರು ಸೇರಿ ಸುಮಾರು 180 ಜಾತಿ. ಅದರಲ್ಲಿ ಇದು ಎಲ್ಲರ ಕಣ್ಣಿಗೂ ಬೀಳುವಂಥದ್ದು. ಆದರೂ ಇದರ ಬಗ್ಗೆಯೇ ಬರೆಯಬೇಕು ಅನಿಸಿತು. ಯಾಕೆಂದರೆ ಕಡ್ಡಿಯ ಮೇಲೆ ಕೂತ ಕಡುವನನ್ನು ಎಲ್ಲರೂ ನೋಡುತ್ತಾರೆ. ಅದು ಅಲ್ಲಿಗೆ ಬರುವ ಮೊದಲು ಎಲ್ಲಿತ್ತು ಎಂದು ಕೇಳುವವರು ತುಂಬಾ ಕಡಿಮೆ. ಅದರ ಬದುಕಿನ ಹೆಚ್ಚಿನ ಪಾಲು ನಾವು ಗಲೀಜು ಎಂದು ತೆಗೆದು ಬಿಸಾಡುವ ಕೆಸರಿನಲ್ಲಿದೆ.

ಮೊದಲು ಮೇಲಿನ ಬದುಕು ನೋಡೋಣ.

ಕಡುವ ಒಂದು ಕಡ್ಡಿಯನ್ನು ಆರಿಸಿದರೆ ಸುಲಭಕ್ಕೆ ಬಿಡುವುದಿಲ್ಲ. ನೀವು ಹತ್ತಿರ ಹೋದಿರಿ ಅಂತಿಟ್ಟುಕೊಳ್ಳಿ. ಹಾರುತ್ತದೆ, ಕೆರೆಗೆ ಒಂದು ಸುತ್ತು ಹಾಕುತ್ತದೆ, ಮತ್ತೆ ಅದೇ ತುದಿಗೆ ಬಂದು ಕೂರುತ್ತದೆ. ಸುಮ್ನೆ ನಿಂತರೆ ಆಮೇಲೆ ನಿಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗೆ ನಿಂತು ನೋಡಿದರೆ ಕಾಣುವುದು ಬಹಳ. ತಲೆಯಿಂದ ಬಾಲದ ತುದಿಯವರೆಗೆ ಸುಮಾರು 7 ಸೆಂಟಿಮೀಟರ್. ಕಣ್ಣು ನೀಲಿ ಬೆರೆತ ಬೂದು ಬಣ್ಣ. ಬೇರೆ ಹೆಚ್ಚಿನ ಏರೋಪ್ಲೇನ್ ಚಿಟ್ಟೆಗಳಲ್ಲಿ ಎರಡು ಕಣ್ಣುಗಳು ನೆತ್ತಿಯಲ್ಲಿ ಒಂದಕ್ಕೊಂದು ತಾಗಿರುತ್ತವೆ. ಕಡುವನ ಕುಟುಂಬದಲ್ಲಿ ಹಾಗಲ್ಲ, ನಡುವೆ ಜಾಗ ಇದೆ. ಬಾಲದ ತುದಿಯ ಹತ್ತಿರ, ಎಂಟನೇ ಗೆಣ್ಣಿನ ಎರಡೂ ಪಕ್ಕಕ್ಕೆ, ಕಪ್ಪು ಪದರ ಅಗಲವಾಗಿ ಚಾಚಿಕೊಂಡಿದೆ. ಇಷ್ಟು ದೊಡ್ಡ ಕಪ್ಪು ಹಳದಿ ಮೈಯಲ್ಲಿ ಆ ಪದರ ಕಂಡರೆ ನಮ್ಮ ಕೆರೆಗಳಲ್ಲಿ ಇದು ಕಡುವನೇ ಎಂದು ಧೈರ್ಯವಾಗಿ ಹೇಳಬಹುದು.

ಕೂತಲ್ಲೇ ಅದರ ತಲೆ ಮಾತ್ರ ತಿರುಗುತ್ತಿರುತ್ತದೆ. ಮೇಲೆ ಯಾವುದೋ ನೊಣ ಹಾದು ಹೋಯಿತು, ತಲೆ ಆ ಕಡೆ. ನೀರಿನ ಮೇಲೆ ಚಿಟ್ಟೆ ಬಂತು, ತಲೆ ಈ ಕಡೆ. ಏರೋಪ್ಲೇನ್ ಚಿಟ್ಟೆಯ ಒಂದೊಂದು ಕಣ್ಣಿನಲ್ಲಿ ಸುಮಾರು 30,000ದವರೆಗೂ ಪುಟ್ಟ ಮಸೂರಗಳಿರುತ್ತವೆ. ಆ ಕಣ್ಣು ಲೆಕ್ಕ ಹಾಕುತ್ತಿದೆ. ಯಾವುದು ತಿನ್ನುವಷ್ಟು ದೊಡ್ಡದು, ಯಾವುದು ಕೈಗೆ ಸಿಗುವಷ್ಟು ಹತ್ತಿರ ಎಂದು. ಆಮೇಲೆ ಒಮ್ಮೆಗೇ ಏಳುತ್ತದೆ. ಬೇಟೆಯ ಹಿಂದೆ ಓಡುವುದಿಲ್ಲ. ಬೇಟೆ ಇನ್ನು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ನೇರ ಹೋಗಿ ಹಿಡಿಯುತ್ತದೆ. ಈ ಕೆಲಸಕ್ಕೆ ಮಿದುಳಿನಿಂದ ರೆಕ್ಕೆಗೆ ಸುದ್ದಿ ಒಯ್ಯುವ ವಿಶೇಷ ನರಕೋಶಗಳು ಕೇವಲ 16. ಎಂಟು ಜೋಡಿ. ಬೇರೆ ಜಾತಿಯ ಏರೋಪ್ಲೇನ್ ಚಿಟ್ಟೆಗಳ ಮೇಲೆ ಪ್ರಯೋಗ ಮಾಡಿ ಇದನ್ನು ಕಂಡುಕೊಂಡಿದ್ದಾರೆ. ಅಂಥ ಪ್ರಯೋಗಗಳಲ್ಲೇ ಅವು ನೂರರಲ್ಲಿ 90ಕ್ಕೂ ಹೆಚ್ಚು ಸಲ ಬೇಟೆ ಹಿಡಿದದ್ದೂ ದಾಖಲಾಗಿದೆ. ಕಾಡಿನ ನಿಜವಾದ ಹುಲಿಗೆ ಇದರ ಹತ್ತಿರಕ್ಕೂ ಬರಲು ಆಗುವುದಿಲ್ಲ.

ಹಿಡಿಯುವುದು ಕಾಲಿನಿಂದ. ಆರು ಕಾಲೂ ಮುಂದಕ್ಕೆ ಬಾಗಿವೆ, ಅದರ ತುಂಬಾ ಮುಳ್ಳು. ನಡೆಯಲು ಆ ಕಾಲು ಪ್ರಯೋಜನವಿಲ್ಲ. ಹಿಡಿಯಲು, ಕಡ್ಡಿಗೆ ಅಂಟಿಕೊಳ್ಳಲು ಮಾತ್ರ. ಹಿಡಿದದ್ದನ್ನು ಕಡ್ಡಿಗೆ ತಂದು ತಿನ್ನುತ್ತದೆ. ಹತ್ತಿರ ನಿಂತರೆ ದವಡೆ ಆಡುವುದು ಕಾಣುತ್ತದೆ. ಚಿಟ್ಟೆಯಾದರೆ ಮೊದಲು ರೆಕ್ಕೆ ಬೀಳುತ್ತದೆ, ಒಂದೊಂದೇ ನೀರಿಗೆ. ತನಗಿಂತ ಸಣ್ಣ ಏರೋಪ್ಲೇನ್ ಚಿಟ್ಟೆಗಳನ್ನೂ ಬಿಡುವುದಿಲ್ಲ.

ಕೂತಿರುವುದು ಹೆಚ್ಚಾಗಿ ಗಂಡು. ಅದಕ್ಕೆ ಆ ಕಡ್ಡಿ ಬೇಟೆಯ ಜಾಗ ಮಾತ್ರ ಅಲ್ಲ. ಹೆಣ್ಣು ಮೊಟ್ಟೆ ಇಡಲು ಬರಬೇಕಾದದ್ದು ಈ ನೀರಿಗೇ. ಹಾಗಾಗಿ ಕೆರೆಯ ಒಂದು ಮೂಲೆಯನ್ನು ತನ್ನದು ಮಾಡಿಕೊಂಡು ಕಾಯುತ್ತದೆ. ಇನ್ನೊಂದು ಗಂಡು ಬಂದರೆ ಎರಡೂ ಮೇಲಕ್ಕೇರುತ್ತವೆ. ರೆಕ್ಕೆಗೆ ರೆಕ್ಕೆ ತಾಗಿದ ಚರಚರ ಸದ್ದು ದಂಡೆಯಲ್ಲಿ ನಿಂತವರಿಗೂ ಕೇಳುತ್ತದೆ. ಮುಂದಿನ ಜೋಡಿ ರೆಕ್ಕೆ, ಹಿಂದಿನ ಜೋಡಿ ರೆಕ್ಕೆ ಎರಡನ್ನೂ ಬೇರೆ ಬೇರೆಯಾಗಿ ಆಡಿಸುವ ಶಕ್ತಿ ಇವಕ್ಕಿದೆ. ಸ್ನಾಯು ನೇರವಾಗಿ ರೆಕ್ಕೆಯ ಬುಡಕ್ಕೇ ಸೇರಿಕೊಂಡಿದೆ. ಹಾಗಾಗಿ ಗಾಳಿಯಲ್ಲಿ ನಿಂತಲ್ಲೇ ನಿಲ್ಲಬಹುದು, ಥಟ್ಟನೆ ತಿರುಗಬಹುದು, ಹಿಂದಕ್ಕೂ ಸರಿಯಬಹುದು. ಜಗಳದಲ್ಲಿ ಇದೆಲ್ಲ ಒಂದೇ ಉಸಿರಿಗೆ ನಡೆದುಹೋಗುತ್ತದೆ. ಸೋತದ್ದು ತೋಟದೊಳಗೆ ಹೋಗುತ್ತದೆ, ಗೆದ್ದದ್ದು ಕಡ್ಡಿಗೆ ಬರುತ್ತದೆ.

ನಮ್ಮ ಕೆರೆಗೆ ಇನ್ನೊಂದು ದೊಡ್ಡ ಜಾತಿಯೂ ಬರುತ್ತದೆ, ಹಸಿರು ಎದೆಯ ಆನಾಕ್ಸ್. ಅದರ ದಾರಿಯೇ ಬೇರೆ. ಅದು ಕೂರುವುದು ಅಪರೂಪ. ಕೆರೆಯ ನಾಲ್ಕೂ ಅಂಚು ಹಿಡಿದು ಸುತ್ತುತ್ತಲೇ ಇರುತ್ತದೆ. ಒಂದು ಕೂತು ಕಾಯುತ್ತದೆ, ಒಂದು ಹಾರಿ ಕಾಯುತ್ತದೆ. ಎರಡನ್ನೂ ಒಂದೇ ಮಧ್ಯಾಹ್ನ ನೋಡಲು ಸಿಕ್ಕಿದರೆ ಬಹಳ ಖುಷಿ.

ಮಾರ್ಚ್, ಏಪ್ರಿಲಿನ ಉರಿ ಮಧ್ಯಾಹ್ನ ಕಡುವ ಬಾಲವನ್ನು ಮೇಲಕ್ಕೆತ್ತಿ, ತುದಿಯನ್ನು ಸೂರ್ಯನ ಕಡೆ ತಿರುಗಿಸಿ ಕೂರುವುದುಂಟು. ಮೈ ಮೇಲೆ ಬೀಳುವ ಬಿಸಿಲು ಆಗ ಕಡಿಮೆ. ನೆತ್ತಿಯ ಮೇಲೆ ಸೂರ್ಯ ಬಂದಾಗ ಬಾಲ ನೆಟ್ಟಗೆ ಆಕಾಶಕ್ಕೆ. ಮಕ್ಕಳು ಅದನ್ನು ನೋಡಿ ಕಡುವ ಸರ್ಕಸ್ ಮಾಡುತ್ತಿದೆ ಎನ್ನುತ್ತಾರೆ. ಈಗಿನ ಮಕ್ಕಳು ನೋಡಿ ಬಿಡುತ್ತಾರೆ, ಅಷ್ಟು ಒಳ್ಳೆಯದು. ಹಿಂದೆ ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ನೂಲು ಕಟ್ಟುವುದು, ಅದರ ಕಾಲಿಗೆ ಸಣ್ಣ ಕಲ್ಲು ಕೊಟ್ಟು ಎತ್ತಿಸುವುದು ಊರೂರಿನ ಆಟವಾಗಿತ್ತು. ಮಲಯಾಳದಲ್ಲಿ ಏರೋಪ್ಲೇನ್ ಚಿಟ್ಟೆಗೆ ತುಂಬಿ ಎನ್ನುತ್ತಾರೆ. ಶಕ್ತಿಗೆ ಮೀರಿದ ಕೆಲಸ ಮಾಡಿಸುವುದಕ್ಕೆ ಅಲ್ಲಿ ತುಂಬಿಯಿಂದ ಕಲ್ಲೆತ್ತಿಸುವುದು ಎಂಬ ಮಾತೇ ಇದೆ. ಆ ಆಟ ಮರೆತುಹೋದರೆ ನನಗೆ ಯಾವ ಬೇಸರವೂ ಇಲ್ಲ.

ಇನ್ನು ಹೆಣ್ಣು. ಅದು ದಿನವೆಲ್ಲ ತೋಟದಲ್ಲಿ, ಗುಡ್ಡೆಯ ಪೊದೆಗಳಲ್ಲಿ ಇರುತ್ತದೆ. ಕೆರೆಗೆ ಬರುವುದು ಕೆಲಸ ಇದ್ದಾಗ ಮಾತ್ರ. ಬಂದ ಕೂಡಲೇ ಗಂಡು ಕಡ್ಡಿ ಬಿಟ್ಟು ಹೋಗಿ ಬಾಲದ ತುದಿಯ ಇಕ್ಕಳದಿಂದ ಹೆಣ್ಣಿನ ತಲೆಯ ಹಿಂಭಾಗವನ್ನು ಹಿಡಿಯುತ್ತದೆ. ಇಬ್ಬರೂ ಹಾಗೇ ಹಾರಿ ಮರಕ್ಕೆ ಹೋಗುತ್ತಾರೆ. ಹೆಣ್ಣು ತನ್ನ ಬಾಲವನ್ನು ಮುಂದಕ್ಕೆ ಬಗ್ಗಿಸಿ ಗಂಡಿನ ಎದೆಯ ಹಿಂದೆ, ಬಾಲದ ಎರಡನೇ ಗೆಣ್ಣಿನ ಅಡಿಗೆ ಸೇರಿಸುತ್ತದೆ. ಗಂಡು ಅದಕ್ಕೂ ಮೊದಲೇ ಒಂಬತ್ತನೇ ಗೆಣ್ಣಿನಿಂದ ಎರಡನೇ ಗೆಣ್ಣಿಗೆ ವೀರ್ಯವನ್ನು ದಾಟಿಸಿ ಇಟ್ಟಿರುತ್ತದೆ. ಕೀಟಗಳ ಲೋಕದಲ್ಲಿ ಈ ಏರ್ಪಾಡು ಈ ಗುಂಪಿಗೆ ಮಾತ್ರ ಸೇರಿದ್ದು.

ಮೊಟ್ಟೆ ಇಡುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ನೋಟ. ಹೆಣ್ಣು ಒಂಟಿಯಾಗಿ ಬರುತ್ತದೆ. ನೀರಿಗೆ ತುಂಬಾ ಹತ್ತಿರ ಹಾರುತ್ತದೆ. ಒಂದು ಕಡೆ ನಿಂತಂತೆ ಮಾಡಿ ಬಾಲದ ತುದಿಯನ್ನು ನೀರಿಗೆ ತಟ್ಟುತ್ತದೆ. ಸ್ವಲ್ಪ ಮುಂದೆ ಹೋಗಿ ಮತ್ತೆ. ಪಾಚಿ, ಒಣಗಿದ ಸೋಗೆ, ಮುಳುಗಿದ ಕೊಂಬೆ ಇರುವ ಜಾಗವನ್ನು ಹುಡುಕಿಯೇ ತಟ್ಟುತ್ತದೆ. ಇಕ್ಟಿನೋಗೋಂಫಸ್ ಕುಲದ ಮೊಟ್ಟೆಗೆ ಒಂದು ವಿಶೇಷ ಇದೆ. ಮೊಟ್ಟೆಯ ತುದಿಯಲ್ಲಿ ನವಿರಾದ ನೂಲಿನ ಸುರುಳಿ ಇರುತ್ತದೆ. ನೀರು ತಾಗಿದಾಗ ಆ ಸುರುಳಿ ಬಿಚ್ಚಿಕೊಂಡು ಉದ್ದವಾಗುತ್ತದೆ, ಯಾವುದಾದರೂ ಕಳೆಗೋ ಕಡ್ಡಿಗೋ ಸಿಕ್ಕಿಕೊಳ್ಳುತ್ತದೆ. ಮೊಟ್ಟೆ ಆಳದ ಕತ್ತಲಿಗೆ ಹೋಗಿ ಕೆಸರಿನಲ್ಲಿ ಹೂತುಹೋಗುವುದಿಲ್ಲ. ನೀರಿನ ನಡುವೆ ಗಾಳಿ ಬೆಳಕು ಇರುವಲ್ಲೇ ನೇತಾಡುತ್ತದೆ. ಇದನ್ನು ತಿಳಿದ ಮೇಲೆ ಕೆರೆಗೆ ಬಿದ್ದ ಪ್ರತಿ ಸೋಗೆಯನ್ನೂ ಎಳೆದು ಹೊರಗೆ ಹಾಕುವ ಮನಸ್ಸು ನನಗೆ ಹೊರಟುಹೋಯಿತು.

ಮೊಟ್ಟೆಯಿಂದ ಹೊರಗೆ ಬಂದ ಮರಿ ನೀರಿನ ತಳಕ್ಕೆ ಇಳಿಯುತ್ತದೆ. ಅಲ್ಲಿಂದ ತಿಂಗಳುಗಟ್ಟಲೆ ಅದರ ಬದುಕು ಅಲ್ಲಿಯೇ. ಬೆಳೆಯಲು ಚರ್ಮ ಕಳಚಲೇಬೇಕು. ಈ ಗುಂಪಿನ ಮರಿಗಳು ಜಾತಿಗೆ ತಕ್ಕಂತೆ 8ರಿಂದ 17 ಸಲ ಚರ್ಮ ಬದಲಿಸುತ್ತವೆ. ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆಯುವಾಗ ಬುಟ್ಟಿಯಲ್ಲಿ ಇವು ಸಿಗುತ್ತವೆ. ಆದರೆ ನೋಡುವ ಕಣ್ಣು ಬೇಕು. ಚಪ್ಪಟೆ ಮೈ, ಹೊಟ್ಟೆ ಅಗಲ ಮತ್ತು ದುಂಡಗೆ, ಕಾಲು ಉದ್ದ. ಬೆನ್ನಿನ ಮೇಲೆ ಕೆಸರೇ ಪದರವಾಗಿ ಕೂತಿರುತ್ತದೆ. ಕೈಯಲ್ಲಿ ಎತ್ತಿಕೊಂಡರೆ ಅಲ್ಲಾಡುವುದಿಲ್ಲ. ಸತ್ತ ಎಲೆಯ ಚೂರು ಎಂದು ಬಿಸಾಡಿದವರೇ ಜಾಸ್ತಿ.

ಒಂದನ್ನು ಬಿಳಿ ಬೇಸಿನ್ನಿಗೆ ಹಾಕಿ ಎರಡು ಇಂಚು ನೀರು ಹೊಯ್ದು, ತಳಕ್ಕೆ ಒಂದು ಹಿಡಿ ನಯವಾದ ಕೆಸರು ಬಿಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಬಾಲದ ತುದಿಯ ಹಿಂದೆ ಕೆಸರಿನ ಕಣಗಳು ಸಣ್ಣಗೆ ಅಲುಗುತ್ತವೆ. ದೂರ ಹೋಗುತ್ತವೆ, ಹತ್ತಿರ ಬರುತ್ತವೆ. ಅದು ಉಸಿರಾಟ. ಕಡುವನ ಮರಿಗೆ ಕಿವಿರು ಇರುವುದು ಗುದನಾಳದ ಒಳಗೆ. ನೀರನ್ನು ಹಿಂದಿನಿಂದ ಒಳಗೆ ಎಳೆದುಕೊಂಡು ಹಿಂದಿನಿಂದಲೇ ಹೊರಗೆ ಬಿಡುತ್ತದೆ. ಬೆರಳಿನಿಂದ ಹೆದರಿಸಿದರೆ ಅದೇ ನೀರನ್ನು ಜೋರಾಗಿ ಚಿಮ್ಮಿಸಿ ಮುಂದಕ್ಕೆ ನೆಗೆಯುತ್ತದೆ. ಉಸಿರಾಡುವ ಅಂಗವೇ ಓಡುವ ಅಂಗ. ಬೇಸಿನ್ನಿನ ಈ ತುದಿಯಲ್ಲಿದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಆ ತುದಿಯಲ್ಲಿರುತ್ತದೆ. ಕಾಲು ಮೈಗೆ ಅಂಟಿಕೊಂಡೇ ಇರುತ್ತದೆ.

ಇನ್ನೂ ಸ್ವಲ್ಪ ತಾಳ್ಮೆ ಇದ್ದರೆ ಬೇಟೆಯನ್ನೂ ನೋಡಬಹುದು. ಒಂದು ಸೊಳ್ಳೆ ಮರಿಯೋ ಸಣ್ಣ ಗೊದಮೊಟ್ಟೆಯೋ ಎದುರಿಗೆ ಬರಬೇಕು. ಮರಿಯ ಕೆಳತುಟಿ ಮೊಣಕೈ ಮಡಚಿದ ಹಾಗೆ ಗಲ್ಲದ ಕೆಳಗೆ ಮಡಚಿಕೊಂಡಿರುತ್ತದೆ. ಅದು ಒಮ್ಮೆಗೇ ಬಿಚ್ಚಿ ಮುಂದಕ್ಕೆ ಹೋಗುತ್ತದೆ, ತುದಿಯ ಎರಡು ಕೊಂಡಿಗಳು ಬೇಟೆಯನ್ನು ಕಚ್ಚಿ ಬಾಯಿಗೆ ತರುತ್ತವೆ. ಬಿಚ್ಚುವುದು ಕಣ್ಣಿಗೆ ಕಾಣುವುದಿಲ್ಲ. ಗೊದಮೊಟ್ಟೆ ಅಲ್ಲಿತ್ತು, ಈಗ ಇಲ್ಲಿದೆ, ಅಷ್ಟೇ ಕಾಣುವುದು. ನೋಡಿ ಆದ ಮೇಲೆ ದಯವಿಟ್ಟು ಅದನ್ನು ತೆಗೆದ ಕೆರೆಗೇ ಬಿಡಿ. ಬೇಸಿನ್ನಿನ ನೀರು ಬೇಗ ಬಿಸಿಯಾಗುತ್ತದೆ.

ಏರೋಪ್ಲೇನ್ ಚಿಟ್ಟೆ ಸೊಳ್ಳೆ ತಿನ್ನುತ್ತದೆ, ಹಾಗಾಗಿ ಉಳಿಸಿ ಎನ್ನುವವರಿದ್ದಾರೆ. ಕೆರೆಯ ಸೊಳ್ಳೆ ಮರಿಯನ್ನು ಇದು ತಿನ್ನುವುದು ನಿಜ. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಡೆಂಗ್ಯೂ ಹರಡುವ ಸೊಳ್ಳೆ ಹುಟ್ಟುವುದು ಬಿದ್ದ ಅಡಿಕೆ ಹಾಳೆಯ ಗುಳಿಯಲ್ಲಿ, ರಬ್ಬರ್ ಮರದ ಚಿಪ್ಪಿನಲ್ಲಿ, ಅಂಗಳದ ಬಕೆಟ್ಟಿನಲ್ಲಿ. ಕಡುವನ ಮರಿ ಅಲ್ಲಿರುವುದಿಲ್ಲ. ಹಾಳೆ ಕವುಚಿ ಹಾಕುವ ಕೆಲಸ ನಾವೇ ಮಾಡಬೇಕು. ನಮಗೆ ಉಪಕಾರ ಮಾಡುತ್ತದೆ ಎಂಬ ಒಂದೇ ಕಾರಣಕ್ಕೆ ಒಂದು ಜೀವಿಯನ್ನು ಹೊಗಳಲು ನನಗೆ ಮನಸ್ಸಿಲ್ಲ. ನಾಳೆ ಆ ಉಪಕಾರಕ್ಕೆ ಬೇರೆ ಮದ್ದು ಸಿಕ್ಕಿದರೆ ಅದನ್ನು ಮರೆಯುತ್ತೇವೆ, ಅಲ್ವಾ?

ಬೆಳೆದ ಮರಿ ಒಂದು ದಿನ ನೀರು ಬಿಟ್ಟು ಮೇಲೆ ಹತ್ತುತ್ತದೆ. ನಮ್ಮ ಕೆರೆಯಲ್ಲಿ ಅದಕ್ಕೆ ಮುರಕಲ್ಲಿನ ಗೋಡೆಯೇ ದಾರಿ. ಒರಟು ಕಲ್ಲು, ತೂತು ತೂತು, ಉಗುರು ಸಿಕ್ಕಿಸಲು ಬೇಕಾದಷ್ಟು ಜಾಗ. ಒಂದು ಬೆಳಗ್ಗೆ ಪಂಪು ಹಾಕಲು ಹೋದಾಗ ನೀರಿನಿಂದ ಒಂದು ಮೊಳ ಮೇಲೆ ಇದು ನಡೆಯುತ್ತಿರುವುದನ್ನು ನೋಡಿದೆ. ಬೆನ್ನಿನ ಚರ್ಮ ತಲೆಯ ಹಿಂದೆ ಬಿರಿದಿತ್ತು. ಆ ಬಿರುಕಿನಿಂದ ಎದೆ ಉಬ್ಬಿ ಬಂದಿತ್ತು, ತಿಳಿ ಹಸಿರು ಬೆರೆತ ಹಳದಿ. ಬೇರೆ ಹಲವು ಕುಟುಂಬಗಳಲ್ಲಿ ಹೊರಬರುವ ಜೀವಿ ತಲೆಕೆಳಗಾಗಿ ಹಿಂದಕ್ಕೆ ಜೋತುಬೀಳುತ್ತದೆ. ಕಡುವನ ಕುಟುಂಬದವು ನೆಟ್ಟಗೆ ಮೇಲಕ್ಕೇ ಬರುತ್ತವೆ. ಕಾಲು ಹೊರಬಂತು, ಗಾಳಿಯಲ್ಲಿ ತಡಕಾಡಿತು, ಕಲ್ಲನ್ನು ಹಿಡಿಯಿತು. ಆಮೇಲೆ ಬಾಲ. ರೆಕ್ಕೆ ಆಗ ಮುದ್ದೆಯಾಗಿತ್ತು. ಅದಕ್ಕೆ ಮೈಯ ದ್ರವ ತುಂಬಿಕೊಳ್ಳುತ್ತಾ ಹೋದಂತೆ ಸುಕ್ಕು ಒಂದೊಂದೇ ಬಿಚ್ಚಿಕೊಂಡಿತು. ಹಾಲು ಬಣ್ಣದ ರೆಕ್ಕೆ ನೋಡುನೋಡುತ್ತಾ ತಿಳಿಯಾಯಿತು. ಪಂಪು ಹಾಕುವುದು ಆ ದಿನ ತಡವಾಯಿತು.

ಈ ಹೊತ್ತು ಅದಕ್ಕೆ ಅತ್ಯಂತ ಕಷ್ಟದ ಹೊತ್ತು. ಓಡಲಾಗುವುದಿಲ್ಲ, ಹಾರಲಾಗುವುದಿಲ್ಲ. ಇರುವೆ ಸಾಲು ಬಂದರೆ ಮುಗಿಯಿತು. ಓತಿಕೇತ, ಕಪ್ಪೆ, ಮಡಿವಾಳ ಹಕ್ಕಿ ಎಲ್ಲಕ್ಕೂ ಅದು ಸುಲಭದ ತುತ್ತು. ನೀರು ಏರಿಳಿದು ಅಲೆ ಬಡಿದರೂ ರೆಕ್ಕೆ ಕೆಡುತ್ತದೆ, ಕೆಟ್ಟ ರೆಕ್ಕೆ ಮತ್ತೆ ಸರಿಯಾಗುವುದಿಲ್ಲ. ಪಾರಾದದ್ದು ಮೊದಲ ಹಾರಾಟದಲ್ಲೇ ನೀರಿನಿಂದ ದೂರ ಹೋಗುತ್ತದೆ. ಅಡಿಕೆ ಮರಗಳ ನಡುವೆ, ಗುಡ್ಡೆಯ ಅಂಚಿನಲ್ಲಿ ತಿಂದು ಬಲಿಯುತ್ತದೆ. ಮೈ ಗಟ್ಟಿಯಾಗಿ, ಕಪ್ಪು ಕಪ್ಪಾಗಿ, ಹಳದಿ ಹೊಳೆಯುವಂತಾದ ಮೇಲೆ ಕೆರೆಗೆ ಮರಳುತ್ತದೆ. ಅಲ್ಲಿಂದ ಮುಂದೆ ಅದಕ್ಕಿರುವುದು ಕೆಲವು ವಾರ. ಅಷ್ಟರಲ್ಲೂ ಕಳ್ಳಿಪೀರಗಳಿಂದ ತಪ್ಪಿಸಿಕೊಳ್ಳಬೇಕು. ಕರೆಂಟು ತಂತಿಯ ಮೇಲೆ ಕೂತ ಕಳ್ಳಿಪೀರ ಇದನ್ನು ಹಿಡಿದು ತಂತಿಗೆ ಬಡಿಯುವುದನ್ನು ನಮ್ಮ ಕಡೆಯವರೆಲ್ಲ ನೋಡಿರುತ್ತಾರೆ.

ಬಿಟ್ಟುಹೋದ ಚರ್ಮ ಮಾತ್ರ ಗೋಡೆಯಲ್ಲೇ ಉಳಿಯುತ್ತದೆ. ಅದನ್ನು ಬಿಡಿಸಿ ಬೆಳಕಿಗೆ ಹಿಡಿದರೆ ಬಿರುಕಿನೊಳಗೆ ಬಿಳಿ ಎಳೆಗಳು ಕಾಣುತ್ತವೆ. ಒಳಗಿನ ಉಸಿರುನಾಳಗಳ ಹೊದಿಕೆ ಅದು, ಹೊರ ಚರ್ಮದ ಜೊತೆಗೇ ಕಳಚಿ ಬಂದದ್ದು. ಗಲ್ಲದ ಕೆಳಗಿನ ಆ ಮಡಚಿದ ತುಟಿಯೂ ಹಾಗೇ ಇರುತ್ತದೆ. ಮಳೆ ಬಂದರೆ ಕೊಚ್ಚಿ ಹೋಗುತ್ತದೆ. ಕೆರೆಯಲ್ಲಿ ಕಡುವ ನಿಜವಾಗಿ ಹುಟ್ಟಿ ಬೆಳೆದಿದೆ ಎನ್ನುವುದಕ್ಕೆ ಈ ಚರ್ಮಕ್ಕಿಂತ ಗಟ್ಟಿ ಸಾಕ್ಷಿ ಬೇರಿಲ್ಲ. ಹಾರುವುದು ಎಲ್ಲಿಂದಲೋ ಬಂದಿರಬಹುದು. ಚರ್ಮ ಇದ್ದರೆ ಅದು ಈ ಕೆರೆಯದ್ದೇ.

ಅಂದ ಹಾಗೆ, ಮಳೆ ಮುಗಿದ ಮೇಲೆ ಅಂಗಳದ ಮೇಲೆ ಗುಂಪಾಗಿ ಹಾರುವ ಹಳದಿ ಏರೋಪ್ಲೇನ್ ಚಿಟ್ಟೆಗಳು ಕಡುವ ಅಲ್ಲ. ಅವು ಪಾಂಟಾಲ ಜಾತಿಯವು. ಮಾಲ್ದೀವ್ಸ್‌ನಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ 2009ರಲ್ಲಿ, ಅವು ಭಾರತದಿಂದ ಸಮುದ್ರ ದಾಟಿ ಮಾಲ್ದೀವ್ಸ್ ಮೂಲಕ ಆಫ್ರಿಕಾದವರೆಗೆ ಹೋಗುತ್ತವೆ ಎಂದು ಬರೆದರು. ಮಳೆನೀರು ನಿಂತ ಕಡೆ ಮೊಟ್ಟೆ ಇಟ್ಟು ಬೇಗ ಬೆಳೆದು ಹೊರಟುಹೋಗುವ ಜೀವಿಗಳು ಅವು. ಕಡುವ ಹಾಗಲ್ಲ. ಅದಕ್ಕೆ ತಿಂಗಳುಗಟ್ಟಲೆ ಬತ್ತದ ನೀರು ಬೇಕು.

ಬತ್ತದ ನೀರು ಎಂದರೆ ಕಾಸರಗೋಡಿನಲ್ಲಿ ಅದು ದೊಡ್ಡ ಮಾತು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. 12 ನದಿಗಳು ಹರಿಯುತ್ತವೆ. ಆದರೆ ಮುರಕಲ್ಲಿನ ಗುಡ್ಡೆ ನೀರನ್ನು ಹಿಡಿದಿಡುವುದಿಲ್ಲ, ಏಪ್ರಿಲಿಗೆ ತೋಡು, ಅಂದರೆ ಸಣ್ಣ ಹಳ್ಳ, ಒಣಗುತ್ತದೆ. ಹಾಗಾಗಿಯೇ ನಮ್ಮ ಹಿರಿಯರು ನೀರಿಗೆ ಬಗೆಬಗೆಯ ದಾರಿ ಮಾಡಿದರು. ಬಾಯಾರು, ಪೆರ್ಲ, ಶೇಣಿ ಕಡೆ ಗುಡ್ಡೆಯ ಹೊಟ್ಟೆಗೆ ಅಡ್ಡವಾಗಿ ಸುರಂಗ ಕೊರೆದರು. ಒಬ್ಬ ಮನುಷ್ಯ ನಿಂತು ಕೆಲಸ ಮಾಡುವಷ್ಟೇ ಅಗಲ, ಎತ್ತರ. ಅದರ ನೀರು ಮಣ್ಣಿನ ಟ್ಯಾಂಕಿಗೆ, ಕೆರೆಗೆ ಬಂದು ಬೀಳುತ್ತದೆ. ಏತಡ್ಕದಲ್ಲಿ ಮಳೆ ಬಿಟ್ಟ ಮೇಲೆ ತೋಡಿಗೆ ಕಟ್ಟ ಕಟ್ಟುತ್ತಾರೆ. ಗುಡ್ಡೆಗಳಲ್ಲಿ ಮಳೆನೀರು ನಿಲ್ಲುವ ಮದಕ, ಪಳ್ಳ. ಇವೆಲ್ಲ ಮನುಷ್ಯರಿಗಾಗಿ, ಅಡಿಕೆಗಾಗಿ ಮಾಡಿಕೊಂಡದ್ದು, ಉಳಿಸಿಕೊಂಡದ್ದು. ಆದರೆ ಬೇಸಿಗೆಯಲ್ಲೂ ನೀರು ನಿಲ್ಲುವ ಕೆರೆ ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಕಡುವನಿಗೂ ಮನೆಯಾಯಿತು.

ಈಗ ಗುಡ್ಡೆಗಳನ್ನು ಕೆಂಪುಕಲ್ಲಿಗಾಗಿ ಚೌಕ ಚೌಕವಾಗಿ ಕಡಿಯುತ್ತಾರೆ. ಪಳ್ಳ ಇದ್ದ ಜಾಗದಲ್ಲಿ ಲಾರಿ ನಿಲ್ಲುತ್ತದೆ. ಬೋರ್‌ವೆಲ್ ಬಂದ ಮನೆಗಳಲ್ಲಿ ಕೆರೆ ಕಸ ಹಾಕುವ ಹೊಂಡವಾಗಿದೆ. ಹೊಸದಾಗಿ ಮಾಡುವ ಟ್ಯಾಂಕಿಗೆ ಪ್ಲಾಸ್ಟಿಕ್ ಶೀಟು ಹಾಸುತ್ತಾರೆ. ನೀರು ಇಂಗದೆ ನಿಲ್ಲುತ್ತದೆ, ಅದು ತೋಟಕ್ಕೆ ಬೇಕಾದದ್ದೇ, ನಾನು ದೂರುವುದಿಲ್ಲ. ಆದರೆ ಅದರ ಗೋಡೆ ನುಣುಪು. ಮೇಲೆ ಹತ್ತಬೇಕಾದ ಮರಿಗೆ ಉಗುರು ಊರಲು ಏನೂ ಇಲ್ಲ. ಶೀಟು ಹಾಕಿದವರ ಹತ್ತಿರ ನಾನು ಕೇಳಿಕೊಳ್ಳುವುದು ಒಂದೇ. ಒಂದು ಹಳೆಯ ಅಡಿಕೆ ಮರದ ತುಂಡನ್ನು ಓರೆಯಾಗಿ ನೀರಿಗೆ ಇಳಿಬಿಡಿ. ಖರ್ಚಿಲ್ಲ, ಶೀಟು ತೂತಾಗದ ಹಾಗೆ ತುದಿಗೆ ಗೋಣಿ ಸುತ್ತಿದರೆ ಆಯಿತು. ಕೆರೆಗೆ ಬಿದ್ದ ಅಳಿಲು, ಓತಿಕೇತಗಳಿಗೂ ಅದೇ ಏಣಿ.

ಮದ್ದಿನ ವಿಷಯವೂ ಹೇಳಬೇಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡದೆ ಅಡಿಕೆ ಉಳಿಯುವುದಿಲ್ಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಎಲ್ಲರಿಗೂ ಬಾಯಿಪಾಠ. ನೀರು ಹತ್ತಿರ ಎಂದು ಹೆಚ್ಚಿನವರು ಬ್ಯಾರಲ್ಲು ಇಡುವುದು ಕೆರೆಯ ದಂಡೆಯಲ್ಲೇ. ಕೊನೆಗೆ ಬ್ಯಾರಲ್ಲು ತೊಳೆದ ನೀಲಿ ನೀರು ಕೆರೆಗೇ ಇಳಿಯುತ್ತದೆ. ಮೈಲುತುತ್ತಿನಲ್ಲಿರುವ ತಾಮ್ರವು ನೀರಿನ ಸಣ್ಣ ಜೀವಿಗಳಿಗೆ ವಿಷ. ಅದು ಆವಿಯಾಗಿ ಹೋಗುವುದೂ ಇಲ್ಲ, ಕೊಳೆತು ಹೋಗುವುದೂ ಇಲ್ಲ, ತಳದ ಕೆಸರಿನಲ್ಲಿ ಸೇರಿಕೊಳ್ಳುತ್ತದೆ. ಮರಿ ಇರುವುದು ಆ ಕೆಸರಿನಲ್ಲೇ. ಬ್ಯಾರಲ್ಲನ್ನು ಇಪ್ಪತ್ತು ಹೆಜ್ಜೆ ಆಚೆ ತೋಟದೊಳಗೆ ಇಟ್ಟು, ತೊಳೆದ ನೀರನ್ನೂ ಅಲ್ಲೇ ಚೆಲ್ಲುವುದು ದೊಡ್ಡ ಕೆಲಸವೇನಲ್ಲ. ಪೈಪು ಸ್ವಲ್ಪ ಉದ್ದ ಬೇಕು.

ನಮ್ಮ ಜಿಲ್ಲೆಗೆ ವಿಷದ ಪಾಠ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಎಣ್ಮಕಜೆ, ಮುಳಿಯಾರು ಕಡೆಯ ಗೇರು ಗುಡ್ಡೆಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕೆಳಗೆ ತೆರೆದ ಕೆರೆ, ಸುರಂಗ, ಬಾವಿ. ಆ ವಿಷ ಮೀನಿಗೆ, ನೀರಿನ ಹುಳುಗಳಿಗೆ ತೀರಾ ಸಣ್ಣ ಪ್ರಮಾಣದಲ್ಲೇ ಸಾವು. ಮಕ್ಕಳು ಪಟ್ಟ ಪಾಡು ಇಡೀ ದೇಶಕ್ಕೆ ಗೊತ್ತಾಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹೇರಿತು. ಆ ಮಕ್ಕಳ ನೋವಿನ ಪಕ್ಕದಲ್ಲಿ ಹುಳದ ಮಾತು ಆಡುವುದು ಸರಿಯಾ ಎಂದು ಯೋಚಿಸಿದ್ದೇನೆ. ಸರಿ ಎಂದೇ ಅನಿಸುತ್ತದೆ. ಇಬ್ಬರೂ ಇದ್ದದ್ದು ಒಂದೇ ನೀರಿನ ಬದಿಯಲ್ಲಿ.

2023ರಲ್ಲಿ ಕಾಸರಗೋಡು ತನ್ನದೇ ಆದ ಮರ, ಹೂವು, ಹಕ್ಕಿ ಮತ್ತು ಆಮೆಯನ್ನು ಜಿಲ್ಲೆಯ ಗುರುತಾಗಿ ಘೋಷಿಸಿಕೊಂಡಿತು. ಕಾಸರಕದ ಮರ, ಹೊಳೆಯಲ್ಲಿ ಅರಳುವ ಬಿಳಿ ಲಿಲ್ಲಿ, ಬಿಳಿ ಹೊಟ್ಟೆಯ ಕಡಲ ಹದ್ದು, ಮೃದು ಚಿಪ್ಪಿನ ದೊಡ್ಡ ಆಮೆ. ನಾಲ್ಕರಲ್ಲಿ ಮೂರು ನೀರನ್ನೇ ನಂಬಿದವು. ಒಳ್ಳೆಯ ಆಯ್ಕೆ. ನನ್ನನ್ನು ಕೇಳಿದ್ದರೆ ತೋಟದ ಕೆರೆಯ ಪರವಾಗಿ ಕಡುವನ ಹೆಸರನ್ನೂ ಸೇರಿಸಿ ಎನ್ನುತ್ತಿದ್ದೆ.

ಇದರ ಮೇಲೆ ಕನ್ನಡದಲ್ಲಿ ಓದಲು ಹೆಚ್ಚೇನೂ ಸಿಗುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಸೇನೆಯ ವೈದ್ಯರಾಗಿದ್ದ ಎಫ್. ಸಿ. ಫ್ರೇಸರ್ ಭಾರತದ ಈ ಇಡೀ ಗುಂಪಿನ ಮೇಲೆ 1933, 1934 ಮತ್ತು 1936ರಲ್ಲಿ ಮೂರು ಸಂಪುಟ ಬರೆದರು. ಇವತ್ತಿಗೂ ತಜ್ಞರು ಅದನ್ನು ತೆರೆದು ನೋಡುತ್ತಾರೆ. ಕಡುವನ ಕುಟುಂಬ ಎರಡನೇ ಸಂಪುಟದಲ್ಲಿದೆ. ಮಲಯಾಳದಲ್ಲಿ ಈಗ ತುಂಬಿಗಳಿಗೆ ಒಂದೊಂದಕ್ಕೂ ಹೆಸರು ಕೊಟ್ಟು, ಫೋಟೋ ತೆಗೆದು, ಪಟ್ಟಿ ಮಾಡುವ ಹುಡುಗ ಹುಡುಗಿಯರು ಬಹಳ ಇದ್ದಾರೆ. ಗಡಿಯ ಬದಿಯಲ್ಲಿರುವ ನಮಗೆ ಎರಡು ಭಾಷೆಯೂ ಗೊತ್ತು. ಅವರು ಕಲಿತದ್ದನ್ನು ನಮ್ಮ ಶಾಲೆಗಳ ಕನ್ನಡಕ್ಕೆ ತರುವ ಕೆಲಸ ನಾವು ಮಾಡಬಹುದು. ನಾನಂತೂ ಮಾಡುತ್ತಿದ್ದೇನೆ.

ಇನ್ನು ಹೂಳು. ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆಯಲೇಬೇಕು, ಇಲ್ಲದಿದ್ದರೆ ಒರತೆ ಮುಚ್ಚುತ್ತದೆ. ಆ ಕೆಸರು ಅಡಿಕೆ ಬುಡಕ್ಕೆ ಒಳ್ಳೆಯ ಗೊಬ್ಬರ. ಆದರೆ ಬುಟ್ಟಿ ಎತ್ತಿದ ಕೂಡಲೇ ದೂರ ಒಯ್ದು ಬುಡಕ್ಕೆ ಸುರಿದರೆ ಅದರೊಳಗಿನ ಮರಿಗಳೆಲ್ಲ ಬಿಸಿಲಿಗೆ ಬೇಯುತ್ತವೆ. ಬರಲಿರುವ ಹಂಗಾಮಿನ ಕಡುವ ಅಷ್ಟೂ ಒಂದೇ ಮಧ್ಯಾಹ್ನ ಮುಗಿದುಹೋಗುತ್ತದೆ. ನಾವು ಎರಡು ಬದಲಾವಣೆ ಮಾಡಿಕೊಂಡೆವು. ಒಂದು, ಇಡೀ ಕೆರೆಯನ್ನು ಒಂದೇ ವರ್ಷ ಬಗೆಯುವುದಿಲ್ಲ. ಒರತೆ ಇರುವ ಅರ್ಧ ಒಂದು ಬೇಸಿಗೆ, ಉಳಿದರ್ಧ ಮುಂದಿನ ಬೇಸಿಗೆ. ಇನ್ನೊಂದು, ತೆಗೆದ ಕೆಸರನ್ನು ನೀರಿನ ಅಂಚಿನಲ್ಲೇ, ನೆರಳಿರುವ ಕಡೆ ರಾಶಿ ಹಾಕಿ ಒಂದು ರಾತ್ರಿ ಬಿಡುತ್ತೇವೆ. ಕೆಲಸದವರಿಗೆ ಮೊದಲು ಇದು ವಿಚಿತ್ರ ಅನಿಸಿತ್ತು. ಸಂಜೆ ಟಾರ್ಚು ಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. ರಾಶಿಯ ಅಂಚಿನಿಂದ ಕಡುವನ ಮರಿ, ನೀರು ಚೇಳು, ಸಣ್ಣ ಏಡಿ ಒಂದೊಂದಾಗಿ ಇಳಿಜಾರು ಹಿಡಿದು ನೀರಿಗೆ ಹೋಗುತ್ತಿದ್ದವು. ಅವರಲ್ಲೊಬ್ಬರು ಆಮೇಲೆ ಬೇರೆಯವರ ಕೆರೆಗೆ ಹೋದಾಗಲೂ ಹೀಗೇ ಮಾಡಿಸುತ್ತಿದ್ದಾರೆ. ರಾಶಿ ಒಣಗಿದರೆ ಹೊರಲೂ ಹಗುರ ಎನ್ನುವುದು ಅವರ ಕಾರಣ. ಅದೂ ನಿಜವೇ.

ಈ ಸಲ ನಮ್ಮಲ್ಲಿ ಪಶ್ಚಿಮದ ಅರ್ಧದ ಸರದಿ. ಪಕ್ಕದ ತೋಟದವರ ಕೆರೆಗೆ ಏಪ್ರಿಲ್ ಮೊದಲ ವಾರ ಆಳು ಬರುತ್ತಾರಂತೆ. ರಾಶಿ ಎಲ್ಲಿ ಹಾಕಿಸಬೇಕು ಎಂದು ಕೇಳಿ ಕಳಿಸಿದ್ದಾರೆ. ಅವರ ಕೆರೆಯ ಉತ್ತರಕ್ಕೆ ಹಲಸಿನ ಮರದ ನೆರಳಿದೆ, ದಂಡೆಯೂ ಇಳಿಜಾರು. ಅಲ್ಲೇ ಹಾಕಿ ಎಂದಿದ್ದೇನೆ.